ಪುಸ್ತಕ ಬರೆದವರ ಜೊತೆ ಜಗಳ ಆಡಿದ ಮಕ್ಕಳು

ಪುಸ್ತಕ ಯಾರು ಮಾಡ್ತಾರೆ ಅಂತ ನಮ್ಮ ಅರಿವು ಕೇಂದ್ರಕ್ಕೆ ಬರುವ ಪುಟ್ಟ ಮಕ್ಕಳನ್ನು ಸುಮ್ನೆ ಕೇಳಿದ್ದೆ. ‘ಸರ್ಕಾರ’ ಅಂದ ಒಬ್ಬ. ‘ಶಿವಮೊಗ್ಗದ ಅಂಗಡಿಯವ್ರು’ ಅಂದಳು ಇನ್ನೊಬ್ಬಳು. ಜಾಸ್ತಿ ಓಟು ಬಿದ್ದಿದ್ದು ‘ಮಿಷಿನ್ನು’ ಅನ್ನೋ ಉತ್ತರಕ್ಕೆ. ಮೂರೂ ತಪ್ಪೇನಲ್ಲ. ಶಾಲೆಯಲ್ಲಿ ಕೊಡುವ ಪುಸ್ತಕ ಸರ್ಕಾರದ್ದೇ, ಅಚ್ಚು ಹಾಕುವುದು ಮಿಷಿನ್ನೇ. ಆದರೆ ಯಾರೋ ಒಬ್ಬರು ಕೂತು ಯೋಚನೆ ಮಾಡಿ, ಗೀಚಿ, ಹರಿದು ಹಾಕಿ, ಮತ್ತೆ ಗೀಚಿ ಪುಸ್ತಕ ಮಾಡುತ್ತಾರೆ ಅನ್ನೋದು ಯಾರ ಬಾಯಲ್ಲೂ ಬರಲಿಲ್ಲ. ಬರುವುದಾದರೂ ಹೇಗೆ? ಅವರು ಅಂಥವರನ್ನು ನೋಡಿಯೇ ಇರಲಿಲ್ಲ.

ನಾನು ಹೊಸನಗರ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ಇವನ್ನೆಲ್ಲ ಅರಿವು ಕೇಂದ್ರ ಅಂತಲೇ ಕರೆಯುವುದು. ಶಾಲೆ ಬಿಟ್ಟ ಮೇಲೆ ನಲಿಕಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಬರುತ್ತಾರೆ. ಅವರ ಬಾಲ ಹಿಡಿದು ಅಂಗನವಾಡಿಯ ತಮ್ಮ ತಂಗಿಯರೂ ಬರುತ್ತಾರೆ. ಓದಲು ಬಾರದ ಇವರಿಗೆ ಚಿತ್ರದ ಪುಸ್ತಕವೇ ಗತಿ. ಚಿತ್ರಪುಸ್ತಕ ಮಾಡುವವರನ್ನು ಇಂಟರ್‌ನೆಟ್ಟಿನಲ್ಲಾದರೂ ತೋರಿಸೋಣ ಅಂತ ಹೊರಟೆ. ನಮ್ಮೂರಿಗೆ ಅವರು ಯಾರೂ ಬರುವವರಲ್ಲ ಅಲ್ವಾ?

ಮೊದಲ ತೊಡಕು ನೆಟ್‌ವರ್ಕು. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಹೋಯಿತು. ಕರೆಂಟು ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಹೋಯಿತು. ಆಮೇಲೆ ಗುಡ್ಡ ಹತ್ತಿದರೂ ಸಿಗ್ನಲ್ ಇಲ್ಲ. ಹಾಗಾಗಿ ನೇರವಾಗಿ ನೋಡುವ ಆಸೆ ಬಿಟ್ಟೆ. ಹೊಸನಗರ ಪೇಟೆಗೆ ಹೋದಾಗ ಬೇಕಾದ ವಿಡಿಯೊಗಳನ್ನು ಆಫ್‌ಲೈನ್ ಉಳಿಸಿಕೊಂಡು ಬರುವುದು, ಸ್ಟೋರಿವೀವರ್‌ನಿಂದ ಕನ್ನಡ ಪುಸ್ತಕಗಳ ಪಿಡಿಎಫ್ ಇಳಿಸಿಕೊಳ್ಳುವುದು, ಕೇಂದ್ರದ ಪರದೆಯಲ್ಲಿ ಹಾಕುವುದು. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಮಧ್ಯೆ ಮಧ್ಯೆ ನುಗ್ಗುವ ಇಸ್ಪೀಟು ಆಟದ ಜಾಹೀರಾತು ಇಲ್ಲ, ಒಂದು ಮುಗಿದ ಕೂಡಲೇ ಇನ್ನೇನೋ ತಾನೇ ಶುರುವಾಗುವುದಿಲ್ಲ.

ಸ್ಟೋರಿವೀವರ್ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ ಅದು. ಪುಸ್ತಕಗಳೆಲ್ಲ ಉಚಿತ. ಓದಬಹುದು, ಇಳಿಸಿಕೊಳ್ಳಬಹುದು, ಪ್ರಿಂಟ್ ತೆಗೆಯಬಹುದು, ಅನುವಾದವನ್ನೂ ಮಾಡಬಹುದು. ಓದಿನ ಮಟ್ಟ ನೋಡಿ ಒಂದರಿಂದ ನಾಲ್ಕು ಹಂತ ಮಾಡಿದ್ದಾರೆ. ನನಗೆ ಅದರಲ್ಲಿ ಇಷ್ಟವಾಗಿದ್ದು ಕೊನೆಯ ಪುಟಗಳು. ಕತೆ ಯಾರದ್ದು, ಚಿತ್ರ ಯಾರದ್ದು, ಕನ್ನಡಕ್ಕೆ ತಂದವರು ಯಾರು ಅಂತ ಎಲ್ಲ ಅಲ್ಲಿ ಇರುತ್ತದೆ. ಸಾಮಾನ್ಯವಾಗಿ ನಾವು ಕತೆ ಮುಗಿದ ಕೂಡಲೇ ಪುಸ್ತಕ ಮುಚ್ಚಿಬಿಡುತ್ತೇವೆ. ನಾನು ಆ ಹೆಸರುಗಳನ್ನೂ ಕತೆಯಷ್ಟೇ ಗಟ್ಟಿಯಾಗಿ ಓದಲು ಶುರು ಮಾಡಿದೆ. ಕೆಲವು ವಾರದಲ್ಲಿ ಮಕ್ಕಳೇ ‘ಅಕ್ಕಾ, ಇದ್ರದ್ದು ಚಿತ್ರ ಯಾರು?’ ಅಂತ ಕೇಳತೊಡಗಿದರು.

ಒಂದು ನಿಯಮ ಮಾತ್ರ ಬಿಗಿಯಾಗಿ ಇಟ್ಟುಕೊಂಡೆ. ಮೊದಲು ಪುಸ್ತಕ, ಆಮೇಲೆ ಅದನ್ನು ಮಾಡಿದವರು. ಐದು ವರ್ಷದ ಮಗುವಿಗೆ ಸುಮ್ನೆ ಒಂದು ಮುಖ ತೋರಿಸಿ ‘ಇವರು ದೊಡ್ಡ ಲೇಖಕರು’ ಅಂದರೆ ಅದಕ್ಕೇನು? ಕತೆ ಬಾಯಿಪಾಠ ಆಗುವಷ್ಟು ಸಲ ಓದಿ, ಪುಟ ತಿರುಗಿಸುವ ಮೊದಲೇ ಮುಂದಿನದನ್ನು ಮಕ್ಕಳು ಕೂಗುವ ಹಂತಕ್ಕೆ ಬಂದ ಮೇಲೆ ಪರದೆ ಹಚ್ಚುತ್ತಿದ್ದೆ. ಅದೂ ಐದಾರು ನಿಮಿಷ ಅಷ್ಟೇ. ಒಬ್ಬ ತಾಯಿ ಬಂದು, ‘ಮನೇಲಿ ಫೋನ್ ಬಿಡಿಸಿ ಸಾಕಾಗಿದೆ ಮಾರಾಯ್ತಿ, ಇಲ್ಲಿ ನೀನೂ ಅದನ್ನೇ ತೋರಿಸ್ತೀಯಾ?’ ಅಂತ ಜೋರು ಮಾಡಿದ್ದರು. ಅವರ ಮಾತಿನಲ್ಲಿ ನ್ಯಾಯವಿದೆ. ಒಂದು ದಿನ ಇಲ್ಲೇ ಕೂತು ನೋಡಿ ಅಂದೆ. ನೋಡಿದರು. ಮತ್ತೇನೂ ಹೇಳಲಿಲ್ಲ. ಒಪ್ಪಿದರೋ ಬೇಸತ್ತರೋ ಗೊತ್ತಿಲ್ಲ, ಮಗನನ್ನು ಕಳಿಸುವುದನ್ನಂತೂ ನಿಲ್ಲಿಸಲಿಲ್ಲ.

ಮೊದಲು ತೋರಿಸಿದ್ದು ಎರಿಕ್ ಕಾರ್ಲ್ ಅವರನ್ನು. ಹಸಿದ ಕಂಬಳಿಹುಳದ ಕತೆಯ ಅಜ್ಜ. ಊರಿನವರೊಬ್ಬರು ಬೆಂಗಳೂರಿನಿಂದ ತಂದುಕೊಟ್ಟ ಇಂಗ್ಲಿಷ್ ಪ್ರತಿ ನಮ್ಮಲ್ಲಿತ್ತು, ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಹುಳ ತಿಂದು ಹೋದ ಕಡೆ ಹಾಳೆಯಲ್ಲಿ ನಿಜವಾದ ತೂತಿರುತ್ತದೆ. ಎಲ್ಲರಿಗೂ ಅದರಲ್ಲಿ ಬೆರಳು ಹಾಕಬೇಕು. 1969ರಲ್ಲಿ ಈ ಪುಸ್ತಕ ಬಂದಾಗ ಅಷ್ಟು ತೂತು, ಅಷ್ಟು ಅಳತೆಯ ಪುಟ ಮಾಡುವುದು ಅಮೆರಿಕದಲ್ಲಿ ದುಬಾರಿ ಅಂತ ಜಪಾನಿನಲ್ಲಿ ಅಚ್ಚು ಹಾಕಿಸಿದ್ದರು. ಮಕ್ಕಳಿಗೆ ಇದನ್ನು ಹೇಳಿದೆ. ಅವರಿಗೆ ಜಪಾನೂ ಒಂದೇ ಅಮೆರಿಕವೂ ಒಂದೇ, ಆದರೆ ‘ತೂತು ಹಾಕಕ್ಕೇ ಬೇರೆ ಊರಿಗೆ ಹೋಗಿದ್ರಾ!’ ಅನ್ನೋದು ಭಾರೀ ಸಂಗತಿಯಾಯಿತು.

ವಿಡಿಯೊದಲ್ಲಿ ಆ ಅಜ್ಜ ತೆಳ್ಳನೆ ಕಾಗದಕ್ಕೆ ದಪ್ಪ ಬ್ರಷ್ಷಿನಲ್ಲಿ ಬಣ್ಣ ಬಳಿಯುತ್ತಾರೆ. ಅದು ಒಣಗಿದ ಮೇಲೆ ಬೇಕಾದ ಆಕಾರಕ್ಕೆ ಕತ್ತರಿಸಿ ಅಂಟಿಸುತ್ತಾರೆ. ಅವರ ಚಿತ್ರಗಳೆಲ್ಲ ಹಾಗೇ ಆಗಿದ್ದು. ಅವರ ಇಂಗ್ಲಿಷ್ ಮಾತು ನಮ್ಮ ಮಕ್ಕಳಿಗೆ ಬೇಡ. ದನಿ ತೆಗೆದುಬಿಟ್ಟು ನಾನೇ ಹೇಳುತ್ತಾ ಹೋದೆ. ನೋಡುತ್ತಾ ಕೂತಾಗ ತಿಳಿಯಿತು, ಮಕ್ಕಳು ಮುಖ ನೋಡುತ್ತಲೇ ಇಲ್ಲ, ಕೈ ನೋಡುತ್ತಿದ್ದಾರೆ. ಬ್ರಷ್ ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಎಲ್ಲರ ಕಣ್ಣು. ಅಲ್ಲಿಂದ ಮುಂದೆ ವಿಡಿಯೊ ಆರಿಸುವಾಗ ನನಗೆ ಇದೊಂದೇ ಲೆಕ್ಕ. ಲೇಖಕರು ಕುರ್ಚಿಯಲ್ಲಿ ಕೂತು ಮಾತಾಡುವ ಸಂದರ್ಶನ ಬೇಡ. ಕೆಲಸ ಮಾಡುವ ಕೈ ಕಾಣಬೇಕು.

ಆಮೇಲೆ ಶುರುವಾಯಿತು ತಕರಾರು. ಕಂಬಳಿಹುಳ ಕೇಕು, ಐಸ್‌ಕ್ರೀಮು ಎಲ್ಲ ತಿನ್ನುತ್ತಾ? ಮೂರನೇ ಕ್ಲಾಸಿನ ಒಬ್ಬ ಹುಡುಗನ ಮನೆಯ ಕರಿಬೇವಿನ ಗಿಡದಲ್ಲಿ ಹಸಿರು ಹುಳ ಇರುತ್ತವಂತೆ. ಅವು ಸೊಪ್ಪು ಬಿಟ್ಟು ಬೇರೇನೂ ತಿನ್ನುವುದಿಲ್ಲವಂತೆ. ‘ಈ ಅಜ್ಜ ಹುಳ ನೋಡೇ ಇಲ್ಲ’ ಅಂತ ತೀರ್ಪು ಕೊಟ್ಟ. ನೋಡಿದ್ದರು ಕಣೋ ಅಂದೆ. ಕಾರ್ಲ್ ಚಿಕ್ಕವರಿದ್ದಾಗ ಅವರ ಅಪ್ಪ ಅವರನ್ನು ಸುತ್ತಾಡಲು ಕರೆದುಕೊಂಡು ಹೋಗಿ, ಕಲ್ಲು ಎತ್ತಿ, ಮರದ ತೊಗಟೆ ಬಿಡಿಸಿ, ಅಡಿಯಲ್ಲಿದ್ದ ಹುಳು ಹುಪ್ಪಟೆ ತೋರಿಸುತ್ತಿದ್ದರು. ಇದನ್ನು ಹೇಳಿದ ಮೇಲೆ ಹುಡುಗ ಸ್ವಲ್ಪ ಮೆತ್ತಗಾದ. ‘ಹಂಗಾದ್ರೆ ಬೇಕಂತಲೇ ಸುಳ್ಳು ಬರ್ದಿದಾರೆ’ ಅಂದ. ಕತೆ ಅಂದರೆ ಏನು ಅಂತ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಅಜ್ಜ ಈಗ ಎಲ್ಲಿದ್ದಾರೆ ಅಂತ ಕೇಳಿದರು. 2021ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು ಅಂದೆ. ಅಂಗನವಾಡಿಯ ಒಂದು ಪಾಪು ಪರದೆ ತೋರಿಸಿ ‘ಹಂಗಾದ್ರೆ ಇದು ಯಾರು?’ ಅಂತು. ಸತ್ತವರು ಬಣ್ಣ ಬಳಿಯುವುದನ್ನು ನೋಡುತ್ತಿದ್ದೇವೆ ಅನ್ನೋದು ಮಕ್ಕಳಿಗೆ ಬಿಡಿಸಬೇಕಾದ ಒಗಟಾಯಿತು. ನಾನು ಬಾಯಿ ತೆರೆಯುವ ಮೊದಲೇ ಅದರ ಅಕ್ಕ ಬಿಡಿಸಿದಳು: ‘ಚಿಕ್ಕಿ ಮದುವೆ ವಿಡಿಯೊದಲ್ಲಿ ಅಜ್ಜ ಊಟ ಬಡಿಸ್ತಾರಲ್ಲ, ಹಂಗೆ.’

ಬಣ್ಣದ ಕಾಗದದ ಕೆಲಸ ನಾವೂ ಮಾಡಿದೆವು. ಗಾಳಿಪಟದ ಕಾಗದ, ಮೈದಾ ಹಿಟ್ಟಿನ ಅಂಟು. ಎಲ್ಲರ ಕೈ ಕೆಂಪು ಹಸಿರಾಗಿ, ಮನೆಗೆ ಹೋಗಿ ಬೈಸಿಕೊಂಡರು.

ಮೋ ವಿಲೆಮ್ಸ್ ಅವರ ಪಾರಿವಾಳ ನಮ್ಮಲ್ಲಿ ದೊಡ್ಡ ಹಿಟ್. 2003ರ ಪುಸ್ತಕ. ಬಸ್ಸಿನ ಡ್ರೈವರ್ ‘ನಾನು ಬರೋ ತನಕ ಪಾರಿವಾಳಕ್ಕೆ ಬಸ್ ಓಡಿಸಕ್ಕೆ ಬಿಡಬೇಡಿ’ ಅಂತ ಓದುವವರಿಗೇ ಹೇಳಿ ಹೋಗುತ್ತಾನೆ. ಪಾರಿವಾಳ ಗೋಗರೆಯುತ್ತದೆ, ಮಕ್ಕಳು ‘ಬ್ಯಾಡಾ!’ ಅಂತ ಕೂಗುತ್ತಾರೆ. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ವಿಲೆಮ್ಸ್ ತಮ್ಮ ಮನೆಯ ಸ್ಟುಡಿಯೊದಿಂದ ಮಕ್ಕಳ ಜೊತೆ ಗೀಚುವ ವಿಡಿಯೊಗಳನ್ನು ಮಾಡಿದ್ದರು. ಅವು ಈಗಲೂ ಸಿಗುತ್ತವೆ. ಆ ಪಾರಿವಾಳ ಬರೆಯುವುದು ಬಲು ಸುಲಭ, ಒಂದೆರಡು ಗುಂಡು, ಒಂದಷ್ಟು ಗೆರೆ. ನಮ್ಮವರು ಬರೆದದ್ದರಲ್ಲಿ ಕೆಲವು ಕಾಗೆಯಾದವು, ಒಂದು ಮಂಗಟ್ಟೆ ಹಕ್ಕಿಯಾಯಿತು. ತಕರಾರು ಇಲ್ಲೂ ತಪ್ಪಲಿಲ್ಲ. ದಿನಕ್ಕೆ ಎರಡು ಬಸ್ಸು ಬರುವ ಊರಿನ ಮಕ್ಕಳು ಇವರು. ‘ಡ್ರೈವರ್ ಇಳಿದ್ರೆ ಇಳೀಲಿ, ಕಂಡಕ್ಟರ್ ಎಲ್ಲಿ ಹೋದ?’

ಬಿಯಾಟ್ರಿಕ್ಸ್ ಪಾಟರ್ ವಿಷಯದಲ್ಲಿ ಆಗಿದ್ದು ನಾನು ಎಣಿಸಿರಲೇ ಇಲ್ಲ. 1893ರಲ್ಲಿ ಆಕೆ ಕಾಯಿಲೆ ಬಿದ್ದಿದ್ದ ಐದು ವರ್ಷದ ಹುಡುಗನಿಗೆ ಒಂದು ಕಾಗದ ಬರೆದರು. ಏನು ಬರೆಯಬೇಕೋ ತೋಚದೆ ನಾಲ್ಕು ಮೊಲದ ಮರಿಗಳ ಕತೆ ಹೇಳಿ ಪಕ್ಕದಲ್ಲೇ ಚಿತ್ರ ಗೀಚಿದರು. ಅದೇ ಮುಂದೆ ಪೀಟರ್ ಮೊಲದ ಪುಸ್ತಕವಾಯಿತು. ಪ್ರಕಾಶಕರು ಒಪ್ಪದೆ ಇದ್ದಾಗ 1901ರಲ್ಲಿ ತಮ್ಮದೇ ದುಡ್ಡಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದ್ದರು. ಕಾಗದದ ಚಿತ್ರ ಇಂಟರ್‌ನೆಟ್ಟಿನಲ್ಲಿದೆ. ಹಳೆಯ ಕೈಬರಹ, ನಡುನಡುವೆ ಮೊಲ. ವಿಡಿಯೊ ಅಲ್ಲದಿದ್ದರೂ ಅದರಲ್ಲಿ ಆಕೆಯ ಕೈ ಕಾಣುತ್ತದೆ.

ಪೀಟರ್ ಮೊಲ ತೋಟಕ್ಕೆ ನುಗ್ಗಿ ಬೀನ್ಸು, ಮೂಲಂಗಿ ತಿನ್ನುತ್ತದೆ. ತೋಟದ ಯಜಮಾನ ಅಟ್ಟಿಸಿಕೊಂಡು ಬರುತ್ತಾನೆ. ಲೋಕದ ಮಕ್ಕಳೆಲ್ಲ ಮೊಲದ ಪರ. ನಮ್ಮವರು ಯಜಮಾನನ ಪರ! ಬಾಳೆಗೊನೆಗೆ ಮಂಗ, ಗದ್ದೆಗೆ ಕಾಡುಹಂದಿ, ಬೆಳೆದಿದ್ದು ಕೈಗೆ ಹತ್ತುವುದೇ ಅನುಮಾನ ಅನ್ನುವ ಮನೆಗಳಿಂದ ಬಂದವರು ಇನ್ನೇನು ಮಾಡುತ್ತಾರೆ? ‘ಹಿಡೀರಿ ಅದನ್ನ!’ ಅಂತ ಕೂಗಿದರು. ಪೀಟರ್ ಬಿಟ್ಟು ಓಡಿದ ಅಂಗಿಯನ್ನು ಯಜಮಾನ ಬೆದರುಬೊಂಬೆಗೆ ಹಾಕುತ್ತಾನಲ್ಲ, ಅಲ್ಲಂತೂ ಚಪ್ಪಾಳೆ. ಒಬ್ಬಳು ಕತೆ ಬರೆದ ಆ ಅಮ್ಮನಿಗೆ ಕಾಗದ ಬರೆಯಬೇಕು ಅಂದಳು. ಬರೆದು ನೂರು ವರ್ಷದ ಮೇಲಾಯಿತು, ಅವರಿಲ್ಲ ಅಂದರೂ ಕೇಳಲಿಲ್ಲ. ಅವಳು ಹೇಳಿದ್ದು, ನಾನು ಬರೆದುಕೊಂಡಿದ್ದು: ‘ಮೊಲಕ್ಕೆ ಬುದ್ಧಿ ಹೇಳಿ. ನಮ್ಮ ಅಪ್ಪನಿಗೆ ರಾತ್ರಿ ಗದ್ದೆ ಕಾಯಕ್ಕೆ ಇರುತ್ತೆ.’

ಇಷ್ಟು ಹೊತ್ತಿಗೆ ನನಗೂ ಒಂದು ವಿಷಯ ಗಟ್ಟಿಯಾಗಿತ್ತು. ಲೇಖಕರನ್ನು ತೋರಿಸಿ ಮಕ್ಕಳಿಗೆ ಭಕ್ತಿ ಬರಿಸುವ ಕೆಲಸ ಇದಲ್ಲ. ಪುಸ್ತಕದ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾದ ಕೂಡಲೇ ಅವನ ಜೊತೆ ಜಗಳ ಆಡಬಹುದು. ಮಿಷಿನ್ನಿನ ಜೊತೆ ಯಾರು ಜಗಳ ಆಡುತ್ತಾರೆ? ಅಮೆರಿಕದ ಚಿತ್ರಪುಸ್ತಕಕಾರ ಮಾರಿಸ್ ಸೆಂಡಾಕ್ ಮೊದಲು ಕಾಡುಕುದುರೆಗಳ ಪುಸ್ತಕ ಮಾಡಬೇಕು ಅಂತಿದ್ದು, ಕುದುರೆ ಬರೆಯಲು ಬಾರದೆ ಅದನ್ನು ಬಿಟ್ಟು ರಾಕ್ಷಸರಂಥ ಪ್ರಾಣಿಗಳನ್ನು ಬರೆದರು, ಅದೇ 1963ರಲ್ಲಿ ಹೆಸರಾಯಿತು ಅಂತ ಹೇಳಿದಾಗ ಮಕ್ಕಳಿಗೆ ಎಂಥ ಖುಷಿ! ದನದ ಕಾಲು ಬರೆಯಲು ಬಾರದ ಹುಡುಗನೊಬ್ಬ ಅಂದಿನಿಂದ ದನವನ್ನೆಲ್ಲ ಎತ್ತರದ ಹುಲ್ಲಿನಲ್ಲೇ ನಿಲ್ಲಿಸುತ್ತಾನೆ.

ಎಲ್ಲ ದೂರದವರೇ ಆದರಲ್ಲ ಅಂತ ಮಧ್ಯಪ್ರದೇಶದ ಗೊಂಡ ಬುಡಕಟ್ಟಿನ ಕಲಾವಿದ ಭಜ್ಜು ಶ್ಯಾಮ್ ಅವರನ್ನು ಹುಡುಕಿದೆ. ಲಂಡನ್ನಿಗೆ ಹೋಗಿ ಬಂದು ಅಲ್ಲಿ ಕಂಡಿದ್ದನ್ನು ತಮ್ಮ ಕಾಡಿನ ಕಣ್ಣಿನಲ್ಲಿ ಬರೆದವರು. ಚೆನ್ನೈನ ತಾರಾ ಬುಕ್ಸ್ ಅದನ್ನು 2004ರಲ್ಲಿ ಪುಸ್ತಕ ಮಾಡಿತು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಲಂಡನ್ನಿನ ದೊಡ್ಡ ಗಡಿಯಾರದ ಗೋಪುರ ಅವರ ಚಿತ್ರದಲ್ಲಿ ಕೋಳಿಹುಂಜ! ಎರಡರದ್ದೂ ಹೊತ್ತು ಹೇಳುವ ಕೆಲಸ ಅಲ್ವಾ. ಮಕ್ಕಳಿಗೆ ವಿವರಿಸಬೇಕಾಗಲೇ ಇಲ್ಲ. ಚಿತ್ರದ ಒಳಗೆಲ್ಲ ಸಣ್ಣ ಗೆರೆ, ಚುಕ್ಕಿ ತುಂಬಿರುವುದು ನೋಡಿ ಒಂದು ಹುಡುಗಿ, ‘ನಮ್ಮಜ್ಜಿ ಬೂಮಣ್ಣಿ ಬುಟ್ಟಿಗೆ ಹಿಂಗೇ ಬರೀತಾರೆ’ ಅಂದಳು.

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ನಮ್ಮ ಕಡೆ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆ ಹಬ್ಬಕ್ಕೆ ಈ ಬೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಬ್ರಷ್ಷು ಅಂದರೆ ಪುಂಡಿ ನಾರು. ಗೋಡೆಯ ಮೇಲೆ ಬರೆದರೆ ಹಸೆ ಚಿತ್ತಾರ. ಆ ಅಜ್ಜಿಯನ್ನು ಕೇಂದ್ರಕ್ಕೆ ಕರೆದೆ. ‘ನಂಗೆ ಓದಕ್ಕೇ ಬರಲ್ಲ, ಲೈಬ್ರರಿಗೆ ಬಂದು ಎಂತ ಮಾಡ್ಲಿ?’ ಅಂದರು. ಮೊಮ್ಮಗಳು ಬಿಡಲಿಲ್ಲ. ಬಂದರು. ಪರದೆಯಲ್ಲಿ ಭಜ್ಜು ಶ್ಯಾಮ್ ಚಿತ್ರ ನೋಡಿದರು. ‘ಕೈ ಚೊಕ್ಕ ಇದೆ’ ಅಂತ ಅಷ್ಟೇ ಹೇಳಿ ತಮ್ಮ ನಾರು ತೆಗೆದರು. ಒಂದು ಗೆರೆಯೂ ಅಲುಗಾಡಲಿಲ್ಲ. ಮಕ್ಕಳು ಪರದೆ ಮುಂದೆ ಕೂತಿದ್ದಕ್ಕಿಂತ ಎರಡು ಪಟ್ಟು ಹೊತ್ತು ಕೂತರು. ಈ ಏಣಿಯಂಥದ್ದು ಏನು, ಈ ಗೊಂಬೆ ಯಾರು ಅಂತ ಒಂದೇ ಸಮ ಪ್ರಶ್ನೆ. ನನ್ನ ಪ್ರಕಾರ ಆ ದಿನ ನಮ್ಮಲ್ಲಿಗೆ ಬಂದದ್ದು ಒಬ್ಬ ಚಿತ್ರಪುಸ್ತಕದ ಲೇಖಕಿಯೇ. ಪುಸ್ತಕದ ಬದಲು ಬುಟ್ಟಿ, ಅಷ್ಟೇ.

ಬದುಕಿರುವ, ಕನ್ನಡ ಮಾತಾಡುವ ಕಲಾವಿದರೊಬ್ಬರ ಜೊತೆ ಮಾತಾಡಿಸಬೇಕು ಅನ್ನೋ ಆಸೆ ಉಳಿದಿತ್ತು. ಮಕ್ಕಳು ಓದಿದ್ದ ಒಂದು ಪುಸ್ತಕದ ಚಿತ್ರಗಾರ್ತಿಯ ಹೆಸರನ್ನು ಕೊನೆಯ ಪುಟದಿಂದ ತೆಗೆದುಕೊಂಡು ಹುಡುಕಿದೆ. ಅವರದ್ದೇ ತಾಣದಲ್ಲಿ ಮಿಂಚಂಚೆ ವಿಳಾಸ ಸಿಕ್ಕಿತು. ಎರಡು ಸಾಲು ಬರೆದೆ: ಇಂಥ ಊರು, ಇಷ್ಟು ಮಕ್ಕಳು, ನಿಮ್ಮ ಪುಸ್ತಕ ಹರಿದು ಹೋಗುವಷ್ಟು ಓದಿದ್ದಾರೆ. ಉತ್ತರ ತಡವಾಗಿ ಬಂತು, ಆದರೆ ಖುಷಿಯಾಗಿ ಬಂತು. ದುಡ್ಡು ಬೇಡ ಅಂದರು. ಬೇರೆ ಯಾರಾದರೂ ಹೀಗೆ ಕರೆಯುವುದಿದ್ದರೆ ಒಂದು ಮಾತು ಹೇಳುತ್ತೇನೆ, ದುಡ್ಡಿನ ವಿಷಯ ನಾವೇ ಮೊದಲು ಕೇಳಬೇಕು. ಚಿತ್ರ ಬರೆಯುವುದು ಅವರ ಹೊಟ್ಟೆಪಾಡು.

ಕರೆ ಇಟ್ಟುಕೊಂಡಿದ್ದು ಡಿಸೆಂಬರಿನಲ್ಲಿ. ಆಕಾಶ ತಿಳಿಯಾಗಿರುವ ಕಾಲ, ಕರೆಂಟೂ ಸ್ವಲ್ಪ ಮಾತು ಕೇಳುತ್ತದೆ. ಹೊರಗೆ ಅಡಿಕೆ ಕೊನೆ ಕೊಯ್ಲು ಜೋರಾಗಿತ್ತು. ಮಕ್ಕಳ ಮೊದಲ ಪ್ರಶ್ನೆ ಅದರಿಂದಲೇ ಬಂತು: ‘ನಿಮ್ಗೆ ದಿನಕ್ಕೆ ಎಷ್ಟು ಕೂಲಿ?’ ನನಗೆ ಮುಜುಗರ. ಅವರು ನಕ್ಕು, ದಿನದ ಲೆಕ್ಕ ಇಲ್ಲ, ಪುಸ್ತಕಕ್ಕೆ ಇಷ್ಟು ಅಂತ ಗುತ್ತಿಗೆ ಅಂದರು. ‘ಓ, ಚೇಣಿ!’ ಅಂದ ಒಬ್ಬ. ಅಡಿಕೆ ತೋಟದ ಫಸಲು ವಹಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಹಾಗನ್ನುತ್ತಾರೆ. ಆಮೇಲೆ ಅವರು ಬೇಡ ಅಂತ ಬಿಟ್ಟ ಚಿತ್ರಗಳ ಕಟ್ಟು ತೋರಿಸಿದರು. ಪುಸ್ತಕದಲ್ಲಿ ಇರುವುದಕ್ಕಿಂತ ಬಿಟ್ಟಿದ್ದೇ ಜಾಸ್ತಿ. ‘ಅಷ್ಟು ಹಾಳೆ ಹಾಳು ಮಾಡಿದ್ರೆ ನಿಮ್ಮ ಅಮ್ಮ ಬೈಯಲ್ವಾ?’

ಎಲ್ಲಕ್ಕಿಂತ ಒಳ್ಳೆಯ ಮಾತುಕತೆ ಆಗಿದ್ದು ಮಳೆ ಬಗ್ಗೆ. ಅವರ ಪುಸ್ತಕದಲ್ಲಿ ಮಳೆ ಅಂದರೆ ಓರೆ ಗೆರೆಗಳು, ಹಿಂದೆ ಬೆಟ್ಟ ಸ್ಪಷ್ಟವಾಗಿ ಕಾಣುತ್ತದೆ. ‘ನಮ್ಮಲ್ಲಿ ಮಳೆ ಬಂದ್ರೆ ಗುಡ್ಡ ಕಾಣಲ್ಲ. ಎದುರುಮನೆಯೂ ಕಾಣಲ್ಲ’ ಅಂದಳು ಒಬ್ಬಳು. ಅವರು ಒಂದು ಹಾಳೆ ತೆಗೆದು ಪೆನ್ಸಿಲ್ಲಿನಲ್ಲಿ ಗುಡ್ಡ ಬರೆದು, ಬಟ್ಟೆ ಚೂರಿನಿಂದ ಅದನ್ನು ಉಜ್ಜಿದರು. ಗುಡ್ಡ ಮಸುಕಾಯಿತು. ‘ಇಷ್ಟಾ?’ ‘ಇನ್ನೂ.’ ಮತ್ತೆ ಉಜ್ಜಿದರು. ‘ಇಷ್ಟಾ?’ ‘ಇನ್ನೂ!’ ಕೊನೆಗೆ ಮುಂದಿನ ಬೇಲಿಯೊಂದು ಬಿಟ್ಟು ಎಲ್ಲ ಬೂದಿ ಬಣ್ಣ. ‘ಹಾಂ, ಈಗ ಆಗುಂಬೆ’ ಅಂದ ಅಲ್ಲಿಗೆ ಹೋಗಿ ಬಂದಿದ್ದ ಹುಡುಗ. ಅಷ್ಟರಲ್ಲಿ ಸಿಗ್ನಲ್ ಹೋಗಿ ಪರದೆಯೂ ಬೂದಿ ಬಣ್ಣಕ್ಕೆ ತಿರುಗಿತು. ಅದೂ ಚಿತ್ರದ ಭಾಗ ಅಂತಲೇ ಕೆಲವರು ಕಾದು ಕೂತಿದ್ದರು. ಉಳಿದ ಪ್ರಶ್ನೆಗಳಿಗೆ ಅವರು ಎರಡು ದಿನದಲ್ಲಿ ದನಿ ಮುದ್ರಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರು.

ಒಂದು ಬೇಸರ ಹೇಳಲೇಬೇಕು. ಇಂಗ್ಲಿಷ್ ಪುಸ್ತಕ ಮಾಡಿದವರ ಕೈ ಹುಡುಕಿದರೆ ಒಂದಲ್ಲ ಹತ್ತು ವಿಡಿಯೊ. ಕನ್ನಡದಲ್ಲಿ ಮಕ್ಕಳಿಗೆ ಬರೆಯುವವರು, ಚಿತ್ರ ಮಾಡುವವರು ಇದ್ದಾರೆ, ಆದರೆ ಅವರು ಕೆಲಸ ಮಾಡುವುದನ್ನು ತೋರಿಸುವ ಐದು ನಿಮಿಷದ ವಿಡಿಯೊ ಹುಡುಕಿದರೆ ನನಗೆ ಸಿಕ್ಕಿದ್ದು ತೀರಾ ಕಡಿಮೆ. ಸಿಕ್ಕಿದ್ದೆಲ್ಲ ವೇದಿಕೆ, ಹಾರ, ಮೈಕು. ಫೋನನ್ನು ಮೇಜಿಗೆ ಒರಗಿಸಿ ಒಂದು ಆನೆ ಬರೆಯುವುದನ್ನು ತೋರಿಸಿದರೆ ಸಾಕಿತ್ತು. ಒಂದು ವಿಷಯದಲ್ಲಿ ಮಾತ್ರ ನಾವು ಪುಣ್ಯವಂತರು. ಕಿಂದರಿಜೋಗಿಯ ಕತೆ ನಡೆಯುವುದೇ ತುಂಗೆಯ ದಡದಲ್ಲಿ, ಬರೆದ ಕುವೆಂಪು ಅವರ ಮನೆ ತೀರ್ಥಹಳ್ಳಿ ದಾಟಿ ಕುಪ್ಪಳಿಯಲ್ಲಿ. ಅದಕ್ಕೆ ಇಂಟರ್‌ನೆಟ್ ಬೇಡ, ಒಂದು ವ್ಯಾನು ಸಾಕು. ಶಾಲೆಯವರ ಜೊತೆ ಮಾತಾಡಿದ್ದೇನೆ, ಮಳೆ ಮುಗಿಯಲಿ ಅಂದಿದ್ದಾರೆ.

ಈಗ ಮಕ್ಕಳೇ ಪುಸ್ತಕ ಮಾಡುತ್ತಿದ್ದಾರೆ. ಹಾಳೆ ಮಡಚಿ, ಸೂಜಿ ದಾರದಲ್ಲಿ ಹೊಲಿದು, ಹಿಂದಿನ ಪುಟದಲ್ಲಿ ಕತೆ ಯಾರದ್ದು, ಚಿತ್ರ ಯಾರದ್ದು ಅಂತ ಬರೆಸಬೇಕು. ಅಕ್ಷರ ಬಾರದವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಬಸ್ ಓಡಿಸಿದ ಮಂಗ, ಗದ್ದೆ ಕಾಯುವ ಮೊಲ, ಹುಲ್ಲಿನಲ್ಲಿ ನಿಂತ ದನ, ಎಲ್ಲ ಬಂದಿವೆ. ಕೇಂದ್ರದ ಸೀಲು ಹೊಡೆಯಲೇಬೇಕು ಅಂತ ಹಟ ಹಿಡಿದರು, ಹೊಡೆದೆ. ಪಂಚಾಯ್ತಿಯ ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯುವ ಹಾಗಿಲ್ಲ, ಬೆಲೆ ಅನ್ನೋ ಕಾಲಮ್ಮಿಗೆ ಏನು ತುಂಬಿಸುವುದು? ‘ಐನೂರು ಹಾಕಿ’ ಅಂದ ಮಂಗನ ಕತೆಯವನು. ಕೊನೆಗೆ ಬೇರೆ ನೋಟ್ ಬುಕ್ ಮಾಡಿ ಮನೆಗೆ ಕೊಡಲು ಶುರು ಮಾಡಿದ್ದೇನೆ. ಸದ್ಯಕ್ಕೆ ನನ್ನ ತಲೆಬಿಸಿ ಅಂದರೆ, ಲೇಖಕರು ದಿನಾ ಸಂಜೆ ಬಂದು ತಮ್ಮ ಪುಸ್ತಕ ಯಾರು ತಗೊಂಡು ಹೋದರು ಅಂತ ಲೆಕ್ಕ ಕೇಳುತ್ತಾರೆ. ಯಾರೂ ತಗೊಂಡಿಲ್ಲ ಅಂದರೆ ಸಿಟ್ಟು. ತಗೊಂಡಿದ್ದಾರೆ ಅಂದರೆ, ಯಾವಾಗ ವಾಪಸ್ ಕೊಡ್ತಾರೆ ಅಂತ ಅದಕ್ಕೂ ಸಿಟ್ಟು.